ಸೂಜಿ ಓಣಿಯ ಅರ್ಧ ದಾರಿ

ನಮ್ಮೂರಿನಲ್ಲಿ ನಡೆಯದೆ ಬಿಟ್ಟ ಓಣಿ ಬೆಳೆಯುತ್ತದೆ. ಇದನ್ನು ಕೇಳಿ ಹೊರಗಿನವರು ನಗುತ್ತಾರೆ, ನಗಲಿ. ಮದುವೆಯಾಗಿ ಬಂದ ಸೊಸೆಯಂದಿರೂ ಮೊದಲ ತಿಂಗಳು ನಗುತ್ತಾರೆ, ಆಮೇಲೆ ರೂಢಿಯಾಗುತ್ತದೆ. ಇಲ್ಲಿ ಪ್ರತಿ ಓಣಿಯೂ ಯಾರಾದರೊಬ್ಬರ ಹೆಸರಿನಲ್ಲಿರುತ್ತದೆ. ಅವರು, ಇಲ್ಲವೇ ಅವರ ಮನೆಯವರು, ದಿನಕ್ಕೊಮ್ಮೆಯಾದರೂ ಆ ತುದಿಯಿಂದ ಈ ತುದಿಗೆ ನಡೆಯಬೇಕು. ಅವರ ಕಾಲು ಬೀಳದ ಜಾಗ ಬೆಳಗಾಗುವಷ್ಟರಲ್ಲಿ ಮೂವತ್ತು ನಲವತ್ತು ಹೆಜ್ಜೆ ಹಿಗ್ಗಿರುತ್ತದೆ. ನಿನ್ನೆ ಒಂದಕ್ಕೊಂದು ಅಂಟಿಕೊಂಡಿದ್ದ ಮನೆಗಳ ನಡುವೆ ಬರೀ ಗೋಡೆ ಎದ್ದು ನಿಂತಿರುತ್ತದೆ. ಮಿಕ್ಕವರು ಎಷ್ಟು ಓಡಾಡಿದರೂ ಓಣಿಗೆ ಅದು ಲೆಕ್ಕಕ್ಕಿಲ್ಲ. ಸೈಕಲ್ಲು, ಸ್ಕೂಟರು ಕೂಡ ಲೆಕ್ಕಕ್ಕಿಲ್ಲ. ಹಿಂದೊಮ್ಮೆ ಒಬ್ಬ ಎಂಜಿನಿಯರು ಟೇಪು ತಂದು ಸಂಜೆ ಅಳೆದ, ಮರುದಿನ ಬೆಳಿಗ್ಗೆ ಅಳೆದ, ಮಧ್ಯಾಹ್ನದ ಬಸ್ಸಿಗೆ ಊರು ಬಿಟ್ಟ.

ನನ್ನ ಹೆಸರು ತಿಪ್ಪೇಶ. ಹೈಸ್ಕೂಲಿನ ಗೇಟಿನೆದುರು ನನ್ನ ಬೇಕರಿ, ಅದರ ಹಿಂದಿನ ಕೋಣೆಯಲ್ಲೇ ವಾಸ. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ಭಟ್ಟಿ ತೋರಿಸುತ್ತೇನೆ. ಬೆಳಗಿನ ನಾಲ್ಕಕ್ಕೆ ಇದರ ಮುಂದೆ ನಿಲ್ಲುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಬೇಕರಿಯ ಮಗ್ಗುಲಿಂದ ಸೂಜಿ ಓಣಿ ಶುರುವಾಗುತ್ತದೆ. ಮುನ್ನೂರ ಹತ್ತು ಹೆಜ್ಜೆ ಹಾಕಿದರೆ ಇನ್ನೊಂದು ತುದಿಯಲ್ಲಿ ನನ್ನ ಅಕ್ಕ ದಾಕ್ಷಾಯಿಣಿಯ ಮನೆ. ಭಾವ ಲಾರಿ ಓಡಿಸುತ್ತಾರೆ, ತಿಂಗಳಿಗೆ ಎರಡು ದಿನ ಮನೆ ಕಾಣುತ್ತಾರೆ. ಅಕ್ಕ ರವಿಕೆ ಹೊಲಿಯುತ್ತಾಳೆ. ನಲವತ್ತಮೂರಕ್ಕೇ ಸಕ್ಕರೆ ಕಾಯಿಲೆ ಅವಳ ಬಲಗಾಲಿನ ಎರಡು ಬೆರಳು ತೆಗೆದುಕೊಂಡಿತು. ಅಂದಿನಿಂದ ಹೊಸ್ತಿಲು ದಾಟುವುದೂ ಅವಳಿಗೆ ಕಷ್ಟ. ಆ ಮನೆಯಲ್ಲಿ ನನಗೆ ಜೀವಕ್ಕಿಂತ ಹೆಚ್ಚಾದದ್ದು ಅಕ್ಕನ ಒಬ್ಬಳೇ ಮಗಳು ಇಂಚರ.

ನಮ್ಮಲ್ಲಿ ಮಕ್ಕಳಿಗೆ ಹದಿಮೂರು ತುಂಬಿದ ದಿನ ಪುರಸಭೆಯವರು ಓಣಿ ಕೊಡುತ್ತಾರೆ. ಅಂದು ಸೋದರಮಾವ ಹೊಸ ಚಪ್ಪಲಿ ತಂದು ಕಾಲಿಗೆ ಹಾಕಬೇಕು. ಇಂಚರಳ ಹೆಸರಿಗೆ ಸೂಜಿ ಓಣಿ ಬಂದಾಗ ನಾನು ಕಂದು ಬಣ್ಣದ ಚರ್ಮದ ಚಪ್ಪಲಿ ತಂದೆ, ಪದ್ಧತಿಯಂತೆ ಒಂದು ಅಳತೆ ದೊಡ್ಡದು. ನಾನು ನೆಲಕ್ಕೆ ಕೂತು ಪಟ್ಟಿ ಬಿಗಿಯುವಾಗ ಅವಳು "ಮಾವ, ಕಚಗುಳಿ ಆಗುತ್ತೆ" ಎಂದು ಕಾಲು ಎಳೆದುಕೊಂಡು ನಕ್ಕಳು. ಮೂರು ನಾಲ್ಕು ತಿಂಗಳು ಆ ಚಪ್ಪಲಿ ಪಟಪಟ ಎನ್ನಿಸುತ್ತಾ ಓಣಿಯುದ್ದಕ್ಕೂ ನಡೆದು ಶಾಲೆಗೆ ಬಂದಳು. ಆಮೇಲೆ ಟ್ಯೂಷನ್ ಶುರುವಾಯಿತು. ಬೆಳಿಗ್ಗೆ ಟ್ಯೂಷನ್, ಅಲ್ಲಿಂದ ಆಟೋದಲ್ಲಿ ಹೊರರಸ್ತೆ ಹಿಡಿದು ಶಾಲೆ, ಸಂಜೆ ಮತ್ತೆ ಆಟೋ. "ಮಗು ಸುಸ್ತಾಗಿರುತ್ತೆ ಕಣೋ, ಅವಳ ಬದಲು ನೀನೇ ಒಂದು ಸಲ ನಡೆದುಬಿಡು" ಎಂದಳು ಅಕ್ಕ. ಮಾವನ ಕಾಲೂ ಮನೆಯವರ ಕಾಲೇ ತಾನೆ? ಬ್ರೆಡ್ಡನ್ನು ಭಟ್ಟಿಗೆ ಇಟ್ಟು, ಅದು ಬೇಯುವಷ್ಟರಲ್ಲಿ ನಾನೇ ಹೋಗಿ ಬರತೊಡಗಿದೆ. ಎರಡು ವರ್ಷ ಹೀಗೇ ನಡೆಯಿತು. ಓಣಿ ಒಂದು ಹೆಜ್ಜೆಯೂ ಬೆಳೆಯಲಿಲ್ಲ, ಯಾರಿಗೂ ಏನೂ ಗೊತ್ತಾಗಲಿಲ್ಲ.

ಒಂದೇ ತೊಡಕು, ಅಟ್ಟೆ ತನಿಖೆ. ಆರು ತಿಂಗಳಿಗೊಮ್ಮೆ ಪುರಸಭೆಯ ಕರಿಬಸಪ್ಪನವರು ಶಾಲೆಗೆ ಬಂದು, ಓಣಿ ಪಡೆದ ಮಕ್ಕಳ ಚಪ್ಪಲಿಯನ್ನು ಮನೆಯವರೆದುರೇ ತಿರುವಿ ಅಟ್ಟೆ ನೋಡುತ್ತಾರೆ. ಅಟ್ಟೆ ಸವೆದಿರಬೇಕು. ಇಂಚರಳ ಅಟ್ಟೆಯೋ, ಅಂಗಡಿಯಲ್ಲಿ ಕೊಂಡಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇತ್ತು. ನಾನು ಅದನ್ನು ತಂದು ಹಿತ್ತಲ ಒರಳುಕಲ್ಲಿಗೆ ತಿಕ್ಕಿದೆ. ಚೆನ್ನಾಗಿಯೇ ತಿಕ್ಕಿದೆ, ತೋಳು ನೋಯುವವರೆಗೆ. ನಾಚಿಕೆ ಆಗಲಿಲ್ಲವೇ ಎಂದು ಕೇಳಬೇಡಿ. ತನಿಖೆಯ ಹಿಂದಿನ ಭಾನುವಾರ ನಮ್ಮೂರಿನ ಅರ್ಧಕ್ಕರ್ಧ ಹಿತ್ತಲುಗಳಿಂದ ಅದೇ ಗರಗರ ಸದ್ದು ಕೇಳುತ್ತಿತ್ತು. ಎಲ್ಲರ ಮಕ್ಕಳಿಗೂ ಟ್ಯೂಷನ್ ಇತ್ತು, ಎಲ್ಲರಿಗೂ ಮಕ್ಕಳ ಮೇಲೆ ಪ್ರೀತಿ ಇತ್ತು. ಕರಿಬಸಪ್ಪನವರು ಅಟ್ಟೆ ನೋಡಿ, ನನ್ನ ಮುಖ ನೋಡಿ, ಪುಸ್ತಕದಲ್ಲಿ ಗೀಟು ಹಾಕಿ ಮುಂದಿನವರನ್ನು ಕರೆಯುತ್ತಿದ್ದರು.

ಇನ್ನು ತಿನ್ನುವ ವಿಷಯ. ಅದನ್ನು ಹೇಳಿದರೆ ನನ್ನ ತಪ್ಪು ಇನ್ನೂ ದೊಡ್ಡದಾಗುತ್ತದೆ. ಶಾಲೆ ಬಿಟ್ಟೊಡನೆ ಇಂಚರ ಬೇಕರಿಗೆ ಬರುತ್ತಿದ್ದಳು, ಆಟೋ ಬರುವವರೆಗೆ ಮೈದಾ ಮೂಟೆಯ ಮೇಲೆ ಕೂತಿರುತ್ತಿದ್ದಳು. ನಾನು ಖಾರಾ ಬನ್ ಕೊಡುತ್ತಿದ್ದೆ, ಅದು ಮುಗಿಯುವ ಮೊದಲು ಪಫ್ಸ್, ಆಮೇಲೆ ಬಾಯಿಗೆ ಸಿಹಿ ಇರಲಿ ಎಂದು ದಿಲ್‌ಪಸಂದ್, ಗಂಟಲಿಗೆ ಒಂದು ಬಾಟಲಿ ಬಣ್ಣದ ನೀರು. ಅವಳು ತಿನ್ನುವುದನ್ನು ನೋಡುತ್ತಾ ನಿಲ್ಲುವುದೇ ನನಗೆ ದಿನದ ಸುಖ. ಮಾತಾಡಲು ಬಾರದವರು ತಿನ್ನಿಸುತ್ತಾರೆ, ನಾನೂ ಆ ಜಾತಿಯವನೇ.

ಹತ್ತನೇ ತರಗತಿಗೆ ಬರುವಾಗ ಅವಳು ದಪ್ಪಗಾಗಿದ್ದಳು ಎಂದು ಜನ ಹೇಳುತ್ತಿದ್ದರು. ನನ್ನ ಕಣ್ಣಿಗೆ ಕಂಡಿರಲಿಲ್ಲ. ಅಕ್ಕನಿಗೆ ಕಂಡಿತ್ತು. ಅವಳು ಮಗಳಿಗೆ ಬೇರೆ ತಟ್ಟೆ ಶುರುಮಾಡಿದಳು. ಭಾವ ಬಂದ ದಿನ ಎಲ್ಲರಿಗೂ ಹೋಳಿಗೆ ತುಪ್ಪ ಬಡಿಸಿ ಇಂಚರಳ ಮುಂದೆ ಎರಡು ಒಣ ಚಪಾತಿ ಇಟ್ಟಳು. ಹುಡುಗಿ ತಲೆ ಎತ್ತದೆ ತಿಂದು ಎದ್ದು ಹೋಯಿತು. ಮರುದಿನ ನನ್ನ ಅಂಗಡಿಯಲ್ಲಿ ಮೂರು ಪಫ್ಸ್ ತಿಂದಿತು. ನಾನು ನಾಲ್ಕನೆಯದನ್ನೂ ಕೊಟ್ಟೆ, ಪಾಪ ಎಂದು.

ಶಾಲೆಗೆ ಹೊಸದಾಗಿ ಬಂದ ನರ್ಸು ಶಾಹಿದಾ ಸಿಸ್ಟರ್ ಮಕ್ಕಳನ್ನು ಒಬ್ಬೊಬ್ಬರನ್ನೇ ಪರದೆಯ ಹಿಂದೆ ಕರೆದು ತೂಕ ನೋಡಿದರು, ರಕ್ತ ತೆಗೆದರು. ಎಲ್ಲರೆದುರು ತೂಕ ಕೂಗುವ ಹಳೆಯ ರೂಢಿಯನ್ನು ಅವರು ಮೊದಲ ದಿನವೇ ನಿಲ್ಲಿಸಿದ್ದರು. ಇಂಚರಳ ಚೀಟಿ ಅಕ್ಕನ ಕೈ ಸೇರಿತು, ಅಕ್ಕ ಫೋನಿನಲ್ಲಿ ಅತ್ತಳು. ನಾನು ಸಿಸ್ಟರನ್ನು ಅಂಗಡಿಗೆ ಕರೆದು ಟೀ ಕೊಟ್ಟು ಕೇಳಿದೆ. "ಸಕ್ಕರೆ ಗಡಿ ಮೇಲಿದೆ ತಿಪ್ಪೇಶಣ್ಣ. ಇನ್ನೂ ಕಾಯಿಲೆ ಅಲ್ಲ, ವಾಪಸ್ ಬರೋಕೆ ಟೈಮಿದೆ. ಊಟ ಸರಿ ಮಾಡ್ಬೇಕು, ಮೈ ಬೆವರ್ಬೇಕು ಅಷ್ಟೆ" ಎಂದರು. ಆಮೇಲೆ ಗಾಜಿನ ಕಪಾಟಿನತ್ತ ಕಣ್ಣು ಹಾಯಿಸಿ, "ಇವಳೊಬ್ಬಳೇ ಅಂದ್ಕೋಬೇಡಿ. ಮಹಡಿ ಮೆಟ್ಟಿಲು ಹತ್ತಿ ಏದುಸಿರು ಬಿಡೋರು ಅರ್ಧ ಶಾಲೆ ಇದಾರೆ. ಅದ್ರಲ್ಲಿ ಕಡ್ಡಿ ಥರ ಇರೋರೂ ಇದಾರೆ" ಎಂದರು. ಟೀ ಜೊತೆ ಕೊಟ್ಟ ಬಿಸ್ಕತ್ತನ್ನು ಮುಟ್ಟಲಿಲ್ಲ. ಅವರು ಹೋದ ಮೇಲೆ ನನಗೆ ಅಕ್ಕನ ಬಲಗಾಲೇ ಕಣ್ಣ ಮುಂದೆ ಬರತೊಡಗಿತು. ಆ ಕಾಲಿನ ಪಕ್ಕ ಕಚಗುಳಿಗೆ ಹೆದರುವ ಇನ್ನೊಂದು ಚಿಕ್ಕ ಕಾಲು. ನನಗೆ ನಿಜವಾಗಿ ಭಯವಾಯಿತು.

ಆ ವಾರವೇ ಹದಿನೈದು ಕಿಲೋದ ಎಣ್ಣೆ ಡಬ್ಬ ಅಟ್ಟದಿಂದ ಜಾರಿ ನನ್ನ ಎಡಗಾಲಿನ ಮೇಲೆ ಬಿತ್ತು. ಮೂಳೆ ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಕಾಲು ನೆಲಕ್ಕೆ ಊರಬಾರದು ಎಂದರು. ಭಟ್ಟಿಗೆ ಒಬ್ಬ ಆಳನ್ನು ಗೊತ್ತುಮಾಡಿ ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕುರ್ಚಿಯಲ್ಲಿ ಕೂತೆ.

ಸೂಜಿ ಓಣಿ ಬೆಳೆಯತೊಡಗಿತು. ಮೊದಲು ಬೇಕರಿಯ ಗೋಡೆ ಉದ್ದವಾಯಿತು. ಆಮೇಲೆ ಪಕ್ಕದ ಮನೆಯ ಪುಟ್ಟತಾಯಮ್ಮ ಮತ್ತು ಅವರ ಓರಗಿತ್ತಿಯ ಕಿಟಕಿಗಳು ದೂರವಾದವು. ಹಿಂದೆಲ್ಲ ಕಿಟಕಿಯಿಂದ ಕಿಟಕಿಗೆ ಸಾರಿನ ಬಟ್ಟಲು ದಾಟುತ್ತಿತ್ತು. ಈಗ ಓರಗಿತ್ತಿ ಬಟ್ಟಲು ಹಿಡಿದು ಬಿಸಿಲಿನಲ್ಲಿ ನಡೆದು ಬರಬೇಕು, ಬಂದವಳು ತುಳುಕಿ ಖಾಲಿಯಾದ ಬಟ್ಟಲು ತೋರಿಸಿ ನನ್ನನ್ನು ಬಯ್ಯಬೇಕು. ಐದನೇ ವಾರ ಕರಿಬಸಪ್ಪನವರು ಓಣಿಯನ್ನು ನಡೆದು ಎಣಿಸಿ ಬಂದು, ಬೆವರು ಒರೆಸಿಕೊಳ್ಳುತ್ತಾ ನನ್ನೆದುರು ಕೂತರು. "ಸಾವಿರದ ಏಳ್ನೂರು ಹೆಜ್ಜೆ ಕಣೋ ತಿಪ್ಪೇಶ. ಎರಡು ಸಾವಿರ ದಾಟಿದ್ರೆ ಓಣಿ ವಾಪಸ್ ತಗೋಬೇಕು ಅಂತ ಕಾನೂನಿದೆ. ಇನ್ನೊಂದು ವಾರ. ಹುಡುಗೀಗೆ ಹೇಳು."

ಓಣಿ ವಾಪಸ್ ಹೋದ ಮಕ್ಕಳನ್ನು ನಮ್ಮೂರಲ್ಲಿ ಯಾರೂ ಬಯ್ಯುವುದಿಲ್ಲ. ಮದುವೆ ಮನೆಗಳಲ್ಲಿ ಅವರನ್ನು ತೋರಿಸಿ ತಗ್ಗಿದ ದನಿಯಲ್ಲಿ "ಓಣಿ ಇಲ್ಲದವಳು" ಎನ್ನುತ್ತಾರೆ, ಅಷ್ಟೇ. ಅದನ್ನು ಸಾಯುವವರೆಗೂ ಅನ್ನುತ್ತಾರೆ. ಆದರೆ ಅಂದು ನನ್ನನ್ನು ಹೆದರಿಸಿದ್ದು ಆ ಮಾತಲ್ಲ. ಈ ಓಣಿಯೂ ಹೋದರೆ ಹುಡುಗಿ ನಡೆಯಲು ಇನ್ನೇನು ಕಾರಣ ಉಳಿಯುತ್ತದೆ? ಗಡಿಯ ಮೇಲಿರುವ ಸಕ್ಕರೆ ಅಲ್ಲೇ ಕೈಕಟ್ಟಿ ನಿಲ್ಲುತ್ತದೆಯೇ?

ಭಯ ನನ್ನ ಬಾಯಲ್ಲಿ ಸಿಟ್ಟಾಗಿ ಬಂತು. ಅವಳಿಗೆ ಫೋನ್ ಮಾಡಿ ಕೂಗಾಡಿದೆ. "ಎರಡು ವರ್ಷ ನಿನ್ನ ಕೆಲ್ಸ ನಾನು ಮಾಡಿದೀನಿ. ಚಪ್ಪಲಿ ತಿಕ್ಕಿ ತಿಕ್ಕಿ ಕೈ ಬೊಬ್ಬೆ ಬಂದಿದೆ. ಐದು ವಾರದಲ್ಲಿ ಒಂದು ದಿನ ನಡೆಯೋಕಾಗ್ಲಿಲ್ವಾ ನಿಂಗೆ? ಕೂತು ತಿನ್ನೋದು ಬಿಟ್ರೆ ಏನು ಬರುತ್ತೆ ನಿಂಗೆ, ಸೋಮಾರಿ!" ಅವಳು ಫೋನ್ ಇಟ್ಟುಬಿಟ್ಟಳು. ತಿನ್ನಿಸಿದವನೇ ತಿಂದದ್ದಕ್ಕೆ ಬೈದಿದ್ದೆ.

ಮರುದಿನ ಶಾಲೆ ಬಿಟ್ಟಿತು, ಅವಳು ಬೇಕರಿಗೆ ಬರಲಿಲ್ಲ. ಗೇಟಿನಿಂದ ನೇರ ಆಟೋ ಹತ್ತಿದಳು. ಅದರ ಮರುದಿನವೂ ಅಷ್ಟೇ. ಮೈದಾ ಮೂಟೆಯ ಮೇಲೆ ಅವಳು ಕೂರುತ್ತಿದ್ದ ಜಾಗದ ತಗ್ಗು ಹಾಗೇ ಇತ್ತು. ಮೂರನೇ ದಿನ ನನಗೆ ತಡೆಯಲಾಗಲಿಲ್ಲ. ಊರುಗೋಲು ಕಂಕುಳಿಗೆ ಸಿಕ್ಕಿಸಿಕೊಂಡು, ಡಾಕ್ಟರಿಗೆ ಮನಸ್ಸಿನಲ್ಲೇ ಕೈ ಮುಗಿದು, ಒಂಟಿ ಕಾಲಿನಲ್ಲಿ ಸೂಜಿ ಓಣಿಗೆ ಇಳಿದೆ. ಸಂಜೆ ನಾಲ್ಕು ಗಂಟೆ. ಅಕ್ಕನ ಮನೆ ಮುಟ್ಟಿ, ಹುಡುಗಿಯ ಕಾಲು ಹಿಡಿದಾದರೂ ತಪ್ಪಾಯಿತು ಎನ್ನಬೇಕೆಂದು ಹೊರಟಿದ್ದೆ.

ಅಬ್ಬಾ, ಆ ದಾರಿ! ಎರಡು ವರ್ಷ ಕಣ್ಣು ಮುಚ್ಚಿಕೊಂಡು ನಡೆದ ಓಣಿ ನನಗೇ ಗುರುತು ಸಿಗಲಿಲ್ಲ. ಗೋಡೆ, ಮತ್ತೆ ಗೋಡೆ, ಎಲ್ಲೋ ಒಂದು ಬಾಗಿಲು, ಮತ್ತೆ ಗೋಡೆ. ನೂರು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಂಡೆ. ಐವತ್ತು ಕಿಲೋ ಮೂಟೆ ಹೊರುವ ನನಗೇ ಎದೆ ಡವಡವ ಎನ್ನುತ್ತಿತ್ತು. ಓಣಿಯ ನಟ್ಟನಡುವೆ ಮೊಣಕೈ ಹಾಗೆ ಒಂದು ತಿರುವಿದೆ, ಅಲ್ಲಿ ಪಂಕ್ಚರ್ ಅಂಗಡಿ. ಅದನ್ನು ಮುಟ್ಟುವಷ್ಟರಲ್ಲಿ ಒಂದು ಗಂಟೆಯ ಮೇಲಾಗಿತ್ತು. ಅಂಗಡಿಯ ಮುಂದೆ ಟೈರುಗಳ ಮೇಲೆ ನಾಲ್ಕೈದು ಹುಡುಗರು ಕೂತಿದ್ದರು. ಅವರ ಕಣ್ಣು ತಪ್ಪಿಸಿ ತಿರುವು ದಾಟಿ, ಬೀಗ ಹಾಕಿದ ಒಂದು ಮನೆಯ ಜಗುಲಿಯ ಮೇಲೆ ಕಂಬದ ಮರೆಗೆ ಕುಸಿದು ಕೂತೆ.

ಕೂತು ಮುಂದೆ ನೋಡಿದರೆ ಅಕ್ಕನ ಮನೆಯ ಹಸಿರು ಬಾಗಿಲು ಕಾಣುತ್ತಿತ್ತು!

ನನಗೆ ಏನೂ ತಿಳಿಯಲಿಲ್ಲ. ತಿರುವಿನಿಂದಾಚೆ ಓಣಿ ಒಂದು ಅಂಗುಲವೂ ಬೆಳೆದಿರಲಿಲ್ಲ. ಅದೇ ನೂರೈವತ್ತು ಹೆಜ್ಜೆ, ಅವೇ ಅಂಟಿಕೊಂಡ ಮನೆಗಳು, ಒಂದರ ಸೂರಿನಿಂದ ಇನ್ನೊಂದರ ಸೂರಿಗೆ ಕಟ್ಟಿದ ಅದೇ ಬಟ್ಟೆ ಒಣಗಿಸುವ ಹಗ್ಗ. ಹಿಗ್ಗಿದ್ದೆಲ್ಲ ತಿರುವಿನಿಂದ ಬೇಕರಿಯವರೆಗಿನ ಅರ್ಧ. ಅಕ್ಕ ನಡೆಯುವಂತಿಲ್ಲ, ಭಾವ ಊರಲ್ಲಿಲ್ಲ. ಹಾಗಾದರೆ ಈ ಅರ್ಧದಲ್ಲಿ ದಿನಾ ಯಾರ ಕಾಲು ಬೀಳುತ್ತಿತ್ತು?

ಹಸಿರು ಬಾಗಿಲು ತೆರೆಯಿತು. ಇಂಚರ ಹೊರಗೆ ಬಂದಳು. ಕಾಲಲ್ಲಿ ಕಂದು ಚಪ್ಪಲಿ. ನೆಲ ನೋಡುತ್ತಾ, ದುಪಟ್ಟಾ ಎರಡೂ ಕಡೆ ಎಳೆದುಕೊಳ್ಳುತ್ತಾ ಬೇಗ ಬೇಗ ನಡೆದು ಬಂದಳು. ತಿರುವಿನ ದೀಪದ ಕಂಬ ಮುಟ್ಟಿ ನಿಂತು ಒಂದು ಸಲ ಉಸಿರು ಎಳೆದುಕೊಂಡಳು. ಟೈರಿನ ಮೇಲಿದ್ದವರಲ್ಲಿ ಒಬ್ಬ ಕೂಗಿದ: "ಏಯ್, ರೋಡ್ ರೋಲರ್ ಬಂತು ಕಣ್ರೋ, ದಾರಿ ಬಿಡ್ರೋ!" ಮಿಕ್ಕವರು ಕೇಕೆ ಹಾಕಿದರು. ಇನ್ನೊಬ್ಬ ಟೈರಿನ ಮೇಲೆ ಕೈ ಬಡಿದು ಅವಳ ಹೆಜ್ಜೆಗೆ ತಾಳ ಹಾಕಿದ. ಇಂಚರ ಕಂಬದಿಂದ ಕೈ ತೆಗೆದಳು, ತಿರುಗಿದಳು, ಬಂದ ದಾರಿಯಲ್ಲೇ ಹೊರಟಳು.

"ಇಂಚರಾ" ಎಂದೆ. ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣಗಿತ್ತು. ಆದರೂ ಅವಳು ನಿಂತಳು. ಜಗುಲಿಯ ಮೇಲೆ ಊರುಗೋಲು ಹಿಡಿದು ಕೂತ ನನ್ನನ್ನು ನೋಡಿ ಅವಳ ಮುಖ ಬಿಳಿಚಿಕೊಂಡಿತು.

"ದಿನಾ ಬರ್ತಿದ್ಯಾ?" ಎಂದು ಕೇಳಿದೆ.

"ನಿನ್ನ ಕಾಲು ಮುರಿದ ದಿನದಿಂದ ಬರ್ತಿದೀನಿ." ಅವಳು ಪಕ್ಕದಲ್ಲಿ ಕೂತಳು, ನನ್ನ ಕಡೆ ನೋಡಲಿಲ್ಲ. "ಇವತ್ತು ದಾಟೇ ದಾಟ್ತೀನಿ ಅಂತ ಮನೆಯಿಂದ ಹೊರಡ್ತೀನಿ ಮಾವ. ಇಲ್ಲಿಗೆ ಬರೋ ಹೊತ್ತಿಗೆ ಕಾಲೇ ಏಳಲ್ಲ. ಅಮ್ಮನ ಹತ್ರ ನೋಟ್ಸ್ ತರೋಕೆ ಹೋಗ್ತೀನಿ ಅಂತೀನಿ. ಅವಳು ನಾನು ತಿನ್ನೋಕೆ ಹೋಗ್ತೀನಿ ಅಂದ್ಕೊಂಡಿದಾಳೆ."

"ಮೊದಲು ನಡೀತಿದ್ಯಲ್ಲ, ಆಗ ನಿಲ್ಸಿದ್ದೂ ಇದಕ್ಕೇನಾ? ಟ್ಯೂಷನ್ ಅಂದ್ಯಲ್ಲ?"

"ಟ್ಯೂಷನ್ನೂ ಇತ್ತು" ಎಂದಳು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ, "ಕೂಗೋದೂ ಪರವಾಗಿಲ್ಲ ಮಾವ. ಅವ್ರು ಕೂಗಿದ ಕೂಡ್ಲೆ ಕಿಟಕಿಗಳಲ್ಲಿ ಎಲ್ರೂ ಹೊರಗೆ ನೋಡ್ತಾರೆ. ಪಾಪ ಅಂತ ನೋಡ್ತಾರೆ. ಅದೇ ತಡ್ಕೊಳ್ಳೋಕಾಗಲ್ಲ. ಜನ ನೋಡ್ತಾರೆ ಮಾವ" ಎಂದಳು. ಅಷ್ಟು ಹೇಳಿ ಮುಖಕ್ಕೆ ದುಪಟ್ಟಾ ಒತ್ತಿಕೊಂಡು ಅತ್ತಳು.

ನನಗೂ ಅಳು ಬಂತು. ಎರಡು ವರ್ಷ ಅವಳ ದಾರಿಯನ್ನು ನಾನು ನಡೆದುಕೊಂಡು ಬಂದೆ. ನಾನು ನಡೆಯದೆ ಇದ್ದಿದ್ದರೆ ಓಣಿ ಅಂದೇ ಬೆಳೆಯುತ್ತಿತ್ತು, ಯಾರಾದರೂ ಯಾಕೆ ಎಂದು ಕೇಳುತ್ತಿದ್ದರು, ಹುಡುಗಿ ಅಂದೇ ಬಾಯಿ ಬಿಡುತ್ತಿತ್ತು. ನನ್ನ ಪ್ರೀತಿ ಅವಳ ಬಾಯಿಗೆ ಬನ್ನು ತುರುಕಿ ಮುಚ್ಚಿಬಿಟ್ಟಿತ್ತು. "ತಪ್ಪಾಯ್ತು ಕಂದ" ಎಂದೆ. "ಸೋಮಾರಿ ಅಂದೆನಲ್ಲ, ನನ್ನ ನಾಲಿಗೆಗೆ ಬರೆ ಹಾಕ್ಬೇಕು."

ಎದ್ದು ಹೋಗಿ ಆ ಹುಡುಗರ ಬೆನ್ನಿಗೆ ಬಾರಿಸಬೇಕು ಎನ್ನಿಸಿ ಊರುಗೋಲು ಎತ್ತಿದೆ. "ಬ್ಯಾಡ ಮಾವ, ನೀನು ಹೊಡೆದ್ರೆ ನಾಳೆ ಇನ್ನೂ ಜಾಸ್ತಿ ಕೂಗ್ತಾರೆ" ಎಂದಳು. ಸರಿಯೇ. ಸಿಟ್ಟು ನುಂಗಿ ಕೇಳಿದೆ: "ನಾನು ಬೇಕರಿಗೆ ವಾಪಸ್ ಹೋಗ್ಬೇಕು. ಈ ಕಾಲಲ್ಲಿ ಒಬ್ಬನೇ ಹೋಗೋಕಾಗಲ್ಲ. ಹೆಗಲು ಕೊಡ್ತೀಯಾ?" ಅವಳು ನನ್ನನ್ನು ನೋಡಿದಳು, ತಿರುವನ್ನು ನೋಡಿದಳು. ಸುಳ್ಳು ನೆಪವಲ್ಲ ಅದು, ನನಗೆ ನಿಜವಾಗಿಯೂ ಏಳಲಾಗುತ್ತಿರಲಿಲ್ಲ. ಅವಳು ಎದ್ದು ನನ್ನ ತೋಳನ್ನು ತನ್ನ ಕುತ್ತಿಗೆಯ ಸುತ್ತ ಹಾಕಿಕೊಂಡಳು. ಎಂಥ ಗಟ್ಟಿ ಹೆಗಲು! ನನ್ನ ಪೂರ್ತಿ ಭಾರ ಬಿಟ್ಟರೂ ಅಲುಗಲಿಲ್ಲ.

ನಾವು ತಿರುವು ದಾಟಿದೆವು. ಟೈರಿನ ಮೇಲಿದ್ದವರು ನನ್ನನ್ನು ನೋಡಿ ಎದ್ದು ನಿಂತರು. ಕೂಗಿದವನು ಲೋಹಿತ, ದಿನಾ ಬೆಳಿಗ್ಗೆ ನನ್ನಲ್ಲಿ ಎರಡು ಬನ್ ತಿನ್ನುವವನು. ನಾನು ಅವನೆದುರು ನಿಂತೆ. "ಲೋಹಿತ, ಕುಂಬಾರ ಓಣಿ ನಿನ್ನ ಹೆಸರಲ್ಲೇ ಇದೆಯಲ್ಲಪ್ಪ? ನಿಮ್ಮಮ್ಮನ ಮಂಡಿ ನೋವು ಹೇಗಿದೆ?" ಎಂದೆ. ಬೆಳಗಿನ ಜಾವ ಅವನ ಓಣಿಯನ್ನು ಅವನ ತಾಯಿ ಕುಂಟುತ್ತಾ ನಡೆಯುವುದನ್ನು ಊರೆಲ್ಲ ಕಂಡಿದೆ. ಹುಡುಗನ ಕಿವಿ ಕೆಂಪಾಯಿತು. ಬೇರೇನೂ ಹೇಳಲಿಲ್ಲ ನಾನು. ಕಿಟಕಿಗಳಲ್ಲಿ ಮುಖಗಳು ಬಂದವು, ಇಂಚರಳ ಕುತ್ತಿಗೆ ನನ್ನ ತೋಳಿನ ಕೆಳಗೆ ಬಿಗಿಯಾಯಿತು. "ನಿಂತ್ರೆ ನಾನು ಬೀಳ್ತೀನಿ ಕಣೇ" ಎಂದೆ. ಅವಳು ನಿಲ್ಲಲಿಲ್ಲ. ಬೇಕರಿ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಇಬ್ಬರ ಬಟ್ಟೆಯೂ ಬೆವರಿನಿಂದ ಒದ್ದೆಯಾಗಿತ್ತು. ಮರುದಿನ ಬೆಳಿಗ್ಗೆ ಓಣಿ ಇಪ್ಪತ್ತು ಹೆಜ್ಜೆ ಕುಗ್ಗಿತ್ತು.

ಇಲ್ಲಿಂದ ಮುಂದೆ ಎಲ್ಲ ಸಲೀಸಾಯಿತು ಎಂದರೆ ಸುಳ್ಳಾಗುತ್ತದೆ. ಹಿಗ್ಗಿದಷ್ಟು ಬೇಗ ಓಣಿ ಕುಗ್ಗುವುದಿಲ್ಲ. ಎರಡನೇ ದಿನ ಅವಳು ತಿರುವಿನವರೆಗೆ ಬಂದು ನನಗೆ ಫೋನ್ ಮಾಡಿದಳು, ನಾನು ಈ ಕಡೆಯಿಂದ ಮಾತಾಡುತ್ತಲೇ ಇದ್ದೆ, ಅವಳು ಫೋನು ಕಿವಿಗೊತ್ತಿಕೊಂಡು ದಾಟಿದಳು. ಮೂರನೇ ದಿನ ದಾಟಲಿಲ್ಲ. ನಾಲ್ಕನೇ ದಿನ ಕೌಸರ್ ಎಂಬ ಗೆಳತಿಯನ್ನು ಕರೆದುಕೊಂಡು ಬಂದಳು. ಕೌಸರ್ ಊದಿದರೆ ಹಾರುವಂಥ ಹುಡುಗಿ, ಆದರೂ ಅರ್ಧ ದಾರಿಗೇ ಸೊಂಟ ಹಿಡಿದು ಕೂತಳಂತೆ. ಅವಳ ಓಣಿಯನ್ನೂ ಅವಳ ಅಪ್ಪ ನಡೆಯುತ್ತಿದ್ದರು. ಇಬ್ಬರೂ ಮಾತಾಡಿಕೊಂಡರು: ಒಂದು ಸಲ ನಿನ್ನ ಓಣಿ, ಒಂದು ಸಲ ನನ್ನ ಓಣಿ, ಜೊತೆಗೇ. ತಿಂಗಳು ತುಂಬುವಷ್ಟರಲ್ಲಿ ಆರು ಹುಡುಗಿಯರಾದರು, ಆರು ಓಣಿಗಳಾದವು. ಹುಡುಗಿಯರು ಆರು ಜನ ಒಟ್ಟಿಗೆ ನಡೆಯುವಾಗ ಎಷ್ಟು ಮಾತಾಡುತ್ತಾರೆ, ಎಷ್ಟು ನಗುತ್ತಾರೆ ಎಂದರೆ, ಪಂಕ್ಚರ್ ಅಂಗಡಿಯ ಹುಡುಗರು ತಮ್ಮನ್ನೇ ನೋಡಿ ನಗುತ್ತಿರಬಹುದೆಂದು ಟೈರುಗಳನ್ನು ಒಳಗೆ ಎಳೆದುಕೊಂಡರು. ಲೋಹಿತ ಈಗ ಬೆಳಗಿನ ಜಾವ ಕುಂಬಾರ ಓಣಿಯಲ್ಲಿ ಕಾಣುತ್ತಾನೆ. ಯಾರೂ ನೋಡದಿರಲಿ ಎಂದು ತಲೆಗೆ ಟವೆಲ್ ಸುತ್ತಿರುತ್ತಾನೆ.

ತಿನ್ನುವುದರಲ್ಲಿ ನಾನು ಇನ್ನೊಮ್ಮೆ ಎಡವಿದೆ. ಉತ್ಸಾಹ ಹೆಚ್ಚಾಗಿ ಸಕ್ಕರೆಯೇ ಹಾಕದ ರಾಗಿ ಬಿಸ್ಕತ್ತು ಮಾಡಿ, ಪಫ್ಸ್ ಇಡುವ ಟ್ರೇ ತುಂಬ ಜೋಡಿಸಿದೆ. ಮಕ್ಕಳು ಒಂದೊಂದು ಕಡಿದು ಮರ್ಯಾದೆಗೆ ಕಿಸೆಗೆ ಹಾಕಿಕೊಂಡರು. ಬೀದಿ ನಾಯಿ ಕೂಡ ಮೂಸಿ ಮುಂದೆ ಹೋಯಿತು. ಇಂಚರ ಹೊಟ್ಟೆ ಹಿಡಿದು ನಕ್ಕು ಹೇಳಿದಳು: "ಮಾವ, ನಡೆದು ಬಂದ್ರೆ ನಿಜವಾಗ್ಲೂ ಹಸಿವಾಗುತ್ತೆ. ಹಸಿವಿಗೆ ಊಟದ ಥರದ್ದು ಏನಾದ್ರೂ ಕೊಡು. ಔಷಧಿ ಕೊಡ್ಬೇಡ." ಮರುದಿನದಿಂದ ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ, ಹೆಸರುಕಾಳಿನ ಉಸಲಿ, ಖಾರ ಹಚ್ಚಿದ ಸೌತೆಕಾಯಿ ಮತ್ತು ಸೀಬೆಕಾಯಿ, ಒಂದು ಹಂಡೆ ಮಜ್ಜಿಗೆ ಇಟ್ಟೆ. ಐದು ಗಂಟೆಗೆ ಹಂಡೆ ತಳ ಕಾಣುತ್ತಿತ್ತು. ಪಫ್ಸ್ ಶನಿವಾರಕ್ಕೆ ಮಾತ್ರ ಎಂದು ಮಕ್ಕಳೇ ತೀರ್ಮಾನಿಸಿದರು, ಅಂದು ಯಾರೂ ಯಾರ ಕೈಯನ್ನೂ ನೋಡುವಂತಿಲ್ಲ ಎಂಬುದೂ ಅವರದೇ ಕಟ್ಟಳೆ.

ಅಕ್ಕನಿಗೆ ನಾನು ಒಂದೇ ಮಾತು ಹೇಳಿದೆ, ಬೇರೆ ತಟ್ಟೆ ಬೇಡ ಎಂದು. "ಅವಳಿಗೆ ಒಳ್ಳೇದಾಗೋ ಊಟ ನಿಂಗೂ ಒಳ್ಳೇದು, ಭಾವನಿಗೂ ಒಳ್ಳೇದು. ಎಲ್ರೂ ಒಂದೇ ಉಣ್ಣಿ." ಈಗ ಆ ಮನೆಯಲ್ಲಿ ಎಲ್ಲರಿಗೂ ಮುದ್ದೆ, ಸೊಪ್ಪಿನ ಸಾರು, ಒಂದು ಹಿಡಿ ಅನ್ನ. ಹಬ್ಬದ ದಿನ ಎಲ್ಲರಿಗೂ ಹೋಳಿಗೆ, ಇಂಚರಳಿಗೂ ತುಪ್ಪ ಹಾಕಿಯೇ. ಕದ್ದು ತಿನ್ನಲು ಅವಳಿಗೆ ಕಾರಣ ಉಳಿಯಲಿಲ್ಲ.

ತೂಕ ಎಷ್ಟು ಇಳಿಯಿತು ಎಂದು ಓರಗಿತ್ತಿಯಿಂದ ಹಿಡಿದು ಹೆಡ್‌ಮಾಸ್ತರರವರೆಗೆ ಎಲ್ಲರೂ ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ, ಅದು ಪರದೆಯ ಹಿಂದಿನ ವಿಷಯ. ಅವಳು ಈಗಲೂ ದುಂಡಗಿದ್ದಾಳೆ, ಅವಳ ಅಜ್ಜಿಯೂ ಹಾಗೇ ಇದ್ದಳು. ನನಗೆ ಬೇಕಾಗಿದ್ದ ಸುದ್ದಿಯನ್ನು ಆರನೇ ತಿಂಗಳು ಶಾಹಿದಾ ಸಿಸ್ಟರ್ ತಾವೇ ಬಂದು ಕೊಟ್ಟರು: ಸಕ್ಕರೆ ಗಡಿಯಿಂದ ಈಚೆ ಬಂದಿದೆ. "ಹೀಗೇ ಇರ್ಬೇಕು, ಬಿಡೋ ಹಾಗಿಲ್ಲ" ಎಂದರು. ಆ ದಿನ ಅವರು ಮಜ್ಜಿಗೆ ಕುಡಿದರು, ಕಡಲೆಕಾಯಿಯನ್ನೂ ತಿಂದರು. ಸೂಜಿ ಓಣಿ ಈಗ ಮುನ್ನೂರಕ್ಕೂ ಕಡಿಮೆ. ಅಕ್ಕ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ನನಗೆ ಅಂಗಡಿಯಲ್ಲಿ ಸೀನು ಬರುತ್ತದೆ.

ಮೊನ್ನೆ ಅಟ್ಟೆ ತನಿಖೆ ಇತ್ತು. ಹಿಂದಿನ ಭಾನುವಾರ ನಮ್ಮ ಬೀದಿಯ ಹಿತ್ತಲುಗಳಲ್ಲಿ ಮೊದಲಿನಷ್ಟು ಗರಗರ ಕೇಳಲಿಲ್ಲ. ನನ್ನ ಒರಳುಕಲ್ಲಂತೂ ಸುಮ್ಮನೆ ಬಿದ್ದಿತ್ತು. ಕರಿಬಸಪ್ಪನವರು ಇಂಚರಳ ಎಡ ಚಪ್ಪಲಿ ತಿರುವಿದರು. ಹಿಮ್ಮಡಿಯ ಹೊರಗಿನ ಅಂಚು ಪೂರ್ತಿ ಹೋಗಿತ್ತು, ಹೆಬ್ಬೆರಳಿನ ಕೆಳಗೆ ತೂತು. ಅವರು ಆ ತೂತಿನಲ್ಲಿ ಬೆರಳು ಹಾಕಿ ಆಚೆ ತೆಗೆದು ಆಡಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ತಿಪ್ಪೇಶ, ಒರಳಿಗೆ ತಿಕ್ಕಿದ ಅಟ್ಟೆ ಒಂದೇ ಸಮ ಇರುತ್ತೆ ಕಣೋ. ನೀನು ತಿಕ್ಕಿದ್ದು ನಂಗೆ ಮೊದಲ್ನೇ ಸಲವೇ ಗೊತ್ತಾಗಿತ್ತು. ನನ್ನ ಮೊಮ್ಮಗಳದ್ದು ನಾನೇ ತಿಕ್ಕಿದ್ದೆ, ಯಾವ ಬಾಯಲ್ಲಿ ಬಯ್ಯಲಿ?" ಎಂದರು. ಪುಸ್ತಕದಲ್ಲಿ ಗೀಟು ಹಾಕುವ ಬದಲು ಏನೋ ಬರೆದರು. ಆಮೇಲೆ ಒಂದು ಸಮಸ್ಯೆ ಬಂತು. ಮೊದಲ ಜೊತೆ ಮಾವ ಕೊಡಬೇಕು ಎಂದು ಪದ್ಧತಿ ಇದೆ. ಎರಡನೇ ಜೊತೆ ಯಾರು ಕೊಡಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಮೊದಲ ಜೊತೆಯನ್ನು ಸವೆಸಿದ ಮಕ್ಕಳನ್ನು ಅವರು ನೋಡಿ ಬಹಳ ವರ್ಷಗಳಾಗಿದ್ದವು.

ನಾನೇ ಕೊಡಿಸುತ್ತೇನೆಂದು ಅವಳನ್ನು ಮಾರ್ಕೆಟ್ಟಿನ ಚಪ್ಪಲಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯವನು ಸ್ಟೂಲು ಹಾಕಿದ. ಅವಳು ಹಳೆಯ ಚಪ್ಪಲಿ ಕಳಚಿ ಪಾದ ಮುಂದೆ ಚಾಚಿದಳು. ಹಿಮ್ಮಡಿ ಒಡೆದಿತ್ತು, ಬೆರಳ ಸಂದಿಯಲ್ಲಿ ಓಣಿಯ ಕೆಂಪು ಧೂಳು, ಚಪ್ಪಲಿ ಪಟ್ಟಿ ಇದ್ದ ಜಾಗದಲ್ಲಿ ಬೆಳ್ಳನೆಯ ಗೀರು. ಹತ್ತೂ ಬೆರಳು. ನಾನು ನೆಲಕ್ಕೆ ಕೂತು ಹೊಸ ಚಪ್ಪಲಿಯ ಪಟ್ಟಿ ಬಿಗಿಯಲು ಹೋದೆ, ಕಣ್ಣು ಮಂಜಾಗಿ ಬಕಲ್ಲು ಸಿಗಲಿಲ್ಲ. ಅಂಗಡಿ ತುಂಬ ಗಿರಾಕಿಗಳಿದ್ದರು. ಐವತ್ತು ದಾಟಿದ ಗಂಡಸು ಚಪ್ಪಲಿ ಹಿಡಿದು ಗಳಗಳ ಅಳುವುದನ್ನು ಅವರು ಕೆಲಸ ಬಿಟ್ಟು ನೋಡುತ್ತಿದ್ದರು. ನಾನು ತೋಳಿನಿಂದ ಮುಖ ಒರೆಸಿಕೊಂಡು, "ಬೇಗ ಏಳು, ಹೋಗೋಣ. ಜನ ನೋಡ್ತಿದಾರೆ" ಎಂದೆ.

ಇಂಚರ ಬಗ್ಗಿ ತನ್ನ ಬಕಲ್ಲು ತಾನೇ ಹಾಕಿಕೊಂಡಳು. ಎದ್ದು ನಿಂತು ಎರಡೂ ಕಾಲನ್ನು ನೆಲಕ್ಕೆ ಒಮ್ಮೆ ಕುಟ್ಟಿ ನೋಡಿದಳು.

"ನೋಡಿದ್ರೆ ನೋಡ್ಲಿ ಬಿಡು ಮಾವ" ಎಂದಳು, ಬಾಗಿಲತ್ತ ಹೊರಟಳು.